ಒಂದು ಗೋಲಿನ ಅಂತರ: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಭಾರತದ ಪುರುಷರ ಹಾಕಿ ತಂಡ, ವರ್ಷ ತುಂಬುವ ಮೊದಲೇ ದೇಶಗಳ ತಂಡಗಳು ಆಡುವ ಪ್ರೊ ಲೀಗ್‌ನಲ್ಲಿ ಒಂಬತ್ತು ತಂಡಗಳ ಪೈಕಿ ಎಂಟನೆಯ ಸ್ಥಾನಕ್ಕೆ ಇಳಿದದ್ದು ಹೇಗೆ ಎಂದು ನೀನು ಕೇಳಿದ್ದೆ. ಫೋನಿನಲ್ಲಿ ಅರೆಬರೆ ಉತ್ತರ ಕೊಡುವ ಬದಲು ಬರೆದೇ ಹೇಳೋಣವೆನಿಸಿತು. ರಕ್ಷಣಾ ಸಾಲಿನಲ್ಲಿ ಆಡುವ ನಿನಗೆ 2024-25ರ ಆ ಋತು ಬಹಳಷ್ಟನ್ನು ಕಲಿಸಬಲ್ಲದು ಎಂಬುದು ನನ್ನ ನಂಬಿಕೆ.

ಈ ಲೀಗ್ ಆರಂಭವಾದದ್ದು 2019ರಲ್ಲಿ. ಮೊದಲ ಋತುವಿನಲ್ಲಿ ಭಾರತ ಆಡಲಿಲ್ಲ; 2020ರಿಂದ ನಮ್ಮ ತಂಡ ಅದರಲ್ಲಿದೆ, 2021-22ರಲ್ಲಿ ಮೂರನೆಯ ಸ್ಥಾನವನ್ನೂ ಪಡೆದಿದೆ. ಪ್ರತಿ ತಂಡವೂ ಉಳಿದ ಎಂಟು ತಂಡಗಳೊಡನೆ ಎರಡೆರಡು ಬಾರಿ ಆಡುವುದರಿಂದ ಒಟ್ಟು 16 ಪಂದ್ಯಗಳಾಗುತ್ತವೆ. ಗೆದ್ದರೆ ಮೂರು ಅಂಕ. ಸಮಬಲವಾದರೆ ಎರಡೂ ತಂಡಗಳಿಗೆ ಒಂದೊಂದು ಅಂಕ ಸಿಗುತ್ತದೆ, ಆಮೇಲೆ ಗೋಲ್‌ಕೀಪರ್ ಒಬ್ಬರನ್ನೇ ಎದುರಿಸಿ ಗೋಲು ಹೊಡೆಯುವ ಶೂಟೌಟ್‌ನಲ್ಲಿ ಗೆದ್ದವರಿಗೆ ಇನ್ನೊಂದು. ಸೋತವರಿಗೆ ಏನೂ ಇಲ್ಲ, ಅದು ಒಂದು ಗೋಲಿನಿಂದ ಬಂದ ಸೋಲಾದರೂ ಅಷ್ಟೇ, ಐದು ಗೋಲುಗಳಿಂದ ಬಂದ ಸೋಲಾದರೂ ಅಷ್ಟೇ. ನಮ್ಮ ತಂಡದ ಕಥೆಯೆಲ್ಲ ಈ ನಿಯಮದಲ್ಲೇ ಅಡಗಿದೆ.

ಫೆಬ್ರವರಿಯಲ್ಲಿ ಭುವನೇಶ್ವರದ ಕಳಿಂಗ ಕ್ರೀಡಾಂಗಣದಲ್ಲಿ ಆಡಿದ ಎಂಟು ಪಂದ್ಯಗಳಲ್ಲಿ ಐದನ್ನು ಗೆದ್ದು 15 ಅಂಕಗಳನ್ನು ಕೈಯಲ್ಲಿಟ್ಟುಕೊಂಡೇ ತಂಡವು ಜೂನ್‌ನಲ್ಲಿ ಯುರೋಪಿಗೆ ಹೊರಟಿತ್ತು. ಅಲ್ಲಿ ನಡೆದದ್ದನ್ನು ಅಂಕಿಗಳಲ್ಲೇ ನೋಡು. ನೆದರ್ಲೆಂಡ್ಸ್‌ನ ಆಮ್ಸ್ಟಲ್ವೀನ್‌ನಲ್ಲಿ ನೆದರ್ಲೆಂಡ್ಸ್ ವಿರುದ್ಧ 1-2 ಮತ್ತು 2-3, ಅರ್ಜೆಂಟೀನಾ ವಿರುದ್ಧ 3-4 ಮತ್ತು 1-2. ಬೆಲ್ಜಿಯಂನ ಆಂಟ್ವರ್ಪ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಎರಡೂ ಸಲ 2-3. ಸಾಲಾಗಿ ಆರು ಸೋಲು, ಆರೂ ಒಂದೊಂದೇ ಗೋಲಿನ ಅಂತರದ್ದು. ಏಳನೆಯದರಲ್ಲಿ ಮಾತ್ರ ಬೆಲ್ಜಿಯಂ ನಮ್ಮನ್ನು 6-3ರಿಂದ ನಿಜಕ್ಕೂ ಮಣಿಸಿತು. ಆ ಆರು ಪಂದ್ಯಗಳನ್ನು ಸಮಬಲದಲ್ಲಿ ಮುಗಿಸಿದ್ದರೂ ಕನಿಷ್ಠ ಆರು ಅಂಕ ನಮ್ಮ ಪಾಲಿಗೆ ಬರುತ್ತಿತ್ತು.

ಅದೃಷ್ಟ ಕೈಕೊಟ್ಟಿತು ಎಂದು ಹಲವರು ಹೇಳಿದರು. ನಾನು ಅದನ್ನು ಒಪ್ಪಲಾರೆ. ಒಂದು ಪಂದ್ಯವಾದರೆ ಅದೃಷ್ಟದ ಮಾತಾಡಬಹುದು, ಆರು ಪಂದ್ಯ ಒಂದೇ ರೀತಿಯಲ್ಲಿ ಕೈತಪ್ಪಿದಾಗ ಅದು ಆಟದೊಳಗಿನ ಕೊರತೆಯೇ ಸರಿ. ನೆದರ್ಲೆಂಡ್ಸ್ ಎದುರಿನ ಮೊದಲ ಪಂದ್ಯವನ್ನೇ ತೆಗೆದುಕೋ. ಹರ್ಮನ್‌ಪ್ರೀತ್ ಸಿಂಗ್ ಅವರ ಗೋಲಿನಿಂದ ಮೊದಲು ಮುನ್ನಡೆ ಪಡೆದದ್ದು ನಾವು. ತೀಸ್ ವಾನ್ ಡ್ಯಾಮ್ ಸಮಬಲ ತಂದರು, ಮತ್ತೆ ಪಂದ್ಯದ ಕೊನೆಯ ನಿಮಿಷಗಳಲ್ಲಿ ಅವರೇ ಗೆಲುವಿನ ಗೋಲು ಹೊಡೆದರು. ಅಷ್ಟು ಹೊತ್ತೂ ನಮ್ಮವರು ಒಲಿಂಪಿಕ್ ಚಾಂಪಿಯನ್ನರಿಗೆ ಸರಿಸಮನಾಗಿಯೇ ಆಡಿದ್ದರು.

ಹದಿನೈದು ನಿಮಿಷಗಳ ನಾಲ್ಕು ಕ್ವಾರ್ಟರ್‌ಗಳಲ್ಲಿ ಕೊನೆಯದು ಹೇಗಿರುತ್ತದೆಂಬುದು ನಿನಗೆ ಅನುಭವದಿಂದಲೇ ಗೊತ್ತು. ಕಾಲು ಸೋತಿರುತ್ತದೆ, ಟ್ಯಾಕಲ್ ಮಾಡಲು ಬಾಗಬೇಕಾದ ಬೆನ್ನು ಬಾಗುವುದಿಲ್ಲ, ಸ್ಟಿಕ್ ಅರ್ಧ ಕ್ಷಣ ತಡವಾಗಿ ನೆಲಕ್ಕೆ ತಾಗುತ್ತದೆ. ಅಷ್ಟರಲ್ಲಿ ಎದುರಾಳಿಯು ಗೋಲಿನ ಮುಂದಿನ ಸರ್ಕಲ್‌ನೊಳಗೆ ಬೇಕೆಂದೇ ನಿನ್ನ ಪಾದಕ್ಕೆ ಚೆಂಡು ತಗಲಿಸಿ, ಆ ತಪ್ಪಿಗೆ ಪೆನಾಲ್ಟಿ ಕಾರ್ನರ್ ಎಂಬ ಗೋಲಿನ ಅವಕಾಶ ಗಿಟ್ಟಿಸಿಕೊಳ್ಳುತ್ತಾಳೆ. ಆಮೇಲೆ ಗೋಲ್‌ಕೀಪರ್ ಸೇರಿ ಐವರು ಗೋಲಿನ ಗೆರೆಯ ಹಿಂದೆ, ಉಳಿದವರೆಲ್ಲ ಮಧ್ಯರೇಖೆಯಾಚೆ. ಚೆಂಡು ಒಳಬಂದ ಒಡನೆ ಅದನ್ನು ಸ್ಟಿಕ್‌ನಿಂದ ಎಳೆದು ಗೋಲಿನತ್ತ ಚಿಮ್ಮಿಸುವ ಡ್ರ್ಯಾಗ್‌ಫ್ಲಿಕ್ ಮಾಡುವವರ ಎದುರಿಗೇ ಓಡುವ ಮೊದಲ ರನ್ನರ್‌ನ ಧೈರ್ಯದ ಮೇಲೆ ಇಡೀ ಪಂದ್ಯ ನಿಂತಿರುತ್ತದೆ. ಆ ಕಾರ್ನರ್ ಅನ್ನು ತಡೆಯುವುದು ಮುಖ್ಯವೇ, ಆದರೆ ಅದನ್ನು ಬಿಟ್ಟುಕೊಡದಿರುವುದು ಅದಕ್ಕಿಂತ ದೊಡ್ಡ ಕೌಶಲ. ಸಮಬಲವಿದ್ದಾಗ ಚೆಂಡನ್ನು ಅಂಚಿನ ಗೆರೆಯ ಬಳಿ ಹಿಡಿದಿಟ್ಟುಕೊಳ್ಳುವುದು, ಅವಸರದಿಂದ ನಡುವಿಗೆ ಪಾಸ್ ಕೊಡದಿರುವುದು, ಹಸಿರು ಕಾರ್ಡ್ ಪಡೆದು ತಂಡವನ್ನು ಎರಡು ನಿಮಿಷ ಹತ್ತು ಮಂದಿಗೆ ಇಳಿಸದಿರುವುದು, ಇವೆಲ್ಲ ನೋಡುಗರ ಚಪ್ಪಾಳೆ ಗಿಟ್ಟಿಸುವ ಕೆಲಸಗಳಲ್ಲ. ಆದರೂ ಪಾಯಿಂಟ್ ಪಟ್ಟಿಯಲ್ಲಿ ತಂಡವನ್ನು ಮೇಲಿಡುವುದು ಇವೇ.

ಈ ಕೌಶಲ ನಮ್ಮವರಿಗೆ ಗೊತ್ತಿರಲಿಲ್ಲವೆಂದಲ್ಲ, ನನ್ನನ್ನು ಬಹಳ ಕಾಡಿದ್ದೂ ಅದೇ. ಪ್ಯಾರಿಸ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಬ್ರಿಟನ್ ವಿರುದ್ಧ ಅಮಿತ್ ರೋಹಿದಾಸ್ ಕೆಂಪು ಕಾರ್ಡ್ ಪಡೆದು ಹೊರನಡೆದ ಮೇಲೆ, ನಲವತ್ತು ನಿಮಿಷಗಳಿಗೂ ಹೆಚ್ಚು ಕಾಲ ಹತ್ತೇ ಮಂದಿ ಆಡಿ, 1-1ರಲ್ಲಿ ಪಂದ್ಯ ಹಿಡಿದಿಟ್ಟು, ಶೂಟೌಟ್‌ನಲ್ಲಿ ಗೆದ್ದವರು ಇವರೇ. ಅಂದು ಗೋಲಿನ ಮುಂದೆ ಗೋಲ್‌ಕೀಪರ್ ಶ್ರೀಜೇಶ್ ಇದ್ದರು. ಒಲಿಂಪಿಕ್ಸ್ ಮುಗಿಯುತ್ತಿದ್ದಂತೆ ಅವರು ನಿವೃತ್ತರಾದರು. ಅವರು ತಡೆದ ಚೆಂಡುಗಳಷ್ಟೇ ಬೆಲೆ ಅವರು ಹಿಂದಿನಿಂದ ಕೂಗಿ ಹೇಳುತ್ತಿದ್ದ ಮಾತುಗಳಿಗೂ ಇತ್ತು ಎಂದು ನನಗನಿಸುತ್ತದೆ. ಕೃಷ್ಣ ಪಾಠಕ್ ಮತ್ತು ಸೂರಜ್ ಕರ್ಕೇರಾ ಒಳ್ಳೆಯ ಗೋಲ್‌ಕೀಪರ್‌ಗಳೇ. ಆದರೆ ರಕ್ಷಣಾ ಸಾಲಿಗೆ ಹೊಸ ದನಿಯೊಂದು ರೂಢಿಯಾಗಲು ಸಮಯ ಬೇಕಾಗುತ್ತದೆ.

ಕೊನೆಯ ಪಂದ್ಯದ ಬಗ್ಗೆ ಹೇಳದಿದ್ದರೆ ಆಟಗಾರರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಏಳು ಸೋಲುಗಳ ನಂತರ ಜೂನ್ 22ರಂದು ಅದೇ ಬೆಲ್ಜಿಯಂ ವಿರುದ್ಧ ಭಾರತ 4-3ರಿಂದ ಗೆದ್ದಿತು. ಸುಖ್‌ಜೀತ್ ಸಿಂಗ್ ಎರಡು ಗೋಲು ಹೊಡೆದರು, ಪ್ಯಾರಿಸ್‌ನಲ್ಲಿ ಹೊರಹೋಗಿದ್ದ ಅಮಿತ್ ರೋಹಿದಾಸ್ ಒಂದು ಗೋಲು ತಂದುಕೊಟ್ಟರು, ಪಂದ್ಯ ಮುಗಿಯಲು ಇನ್ನೇನು ಎರಡು ನಿಮಿಷವೂ ಉಳಿದಿಲ್ಲದಾಗ ಸಿಕ್ಕ, ಗೋಲ್‌ಕೀಪರ್ ಒಬ್ಬರೇ ಎದುರಿರುವ ಪೆನಾಲ್ಟಿ ಸ್ಟ್ರೋಕ್ ಅನ್ನು ನಾಯಕ ಹರ್ಮನ್‌ಪ್ರೀತ್ ಗೋಲಾಗಿಸಿದರು. ಗೋಲಿನಿಂದ 6.4 ಮೀಟರ್ ದೂರದಲ್ಲಿ ಚೆಂಡಿಟ್ಟು, ಹಿಂದಿನ ಅಷ್ಟೂ ದಿನಗಳ ಸೋಲನ್ನು ಹೆಗಲ ಮೇಲೆ ಹೊತ್ತು ನಿಂತಿದ್ದ ಆ ಮನುಷ್ಯನನ್ನು ನೋಡುತ್ತಾ ನನ್ನ ಕಣ್ಣು ತುಂಬಿಬಂತು. ಆ ಮೂರು ಅಂಕ ಸೇರಿ ಒಟ್ಟು 18 ಆಯಿತು. ನೆದರ್ಲೆಂಡ್ಸ್ ಪ್ರಶಸ್ತಿ ಗೆದ್ದಿತು, ನಮಗಿಂತ ಕೆಳಗಿದ್ದ ಐರ್ಲೆಂಡ್ ಲೀಗಿನಿಂದ ಹೊರಬಿದ್ದಿತು. ಅದೇ ಋತುವಿನಲ್ಲಿ ನಮ್ಮ ಮಹಿಳಾ ತಂಡ ಕೊನೆಯ ಸ್ಥಾನ ಪಡೆದು ಕೆಳಹಂತದ ನೇಷನ್ಸ್ ಕಪ್‌ಗೆ ಇಳಿದದ್ದು ನಿನಗೆ ಇದಕ್ಕಿಂತ ಹೆಚ್ಚು ನೋವು ತಂದಿದೆ ಎಂದು ಬಲ್ಲೆ. ಅದರ ಬಗ್ಗೆ ಬೇರೆಯೇ ಬರೆಯುತ್ತೇನೆ.

ಸೆಪ್ಟೆಂಬರ್‌ನಲ್ಲಿ ರಾಜ್‌ಗೀರ್‌ನಲ್ಲಿ ನಡೆದ ಏಷ್ಯಾ ಕಪ್ ಫೈನಲ್‌ನಲ್ಲಿ ಕೊರಿಯಾವನ್ನು 4-1ರಿಂದ ಸೋಲಿಸಿದ್ದರಿಂದ, ಪ್ರೊ ಲೀಗ್ ಮೂಲಕ ಸಿಗದ ವಿಶ್ವಕಪ್ ಸ್ಥಾನ ನಮ್ಮ ಪುರುಷರ ತಂಡಕ್ಕೆ ಸಿಕ್ಕಿತು. 2026ರ ಆಗಸ್ಟ್‌ನ ಆ ವಿಶ್ವಕಪ್ ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂನಲ್ಲಿ ನಡೆಯುತ್ತದೆ, ನಾಲ್ಕು ಪಂದ್ಯ ಒಂದೊಂದು ಗೋಲಿನಿಂದ ಕೈಬಿಟ್ಟ ಆಮ್ಸ್ಟಲ್ವೀನ್ ಕೂಡ ಅದರ ತಾಣಗಳಲ್ಲಿ ಒಂದು. ಅಷ್ಟರೊಳಗೆ ಬಿಡುವಾದಾಗ ನೆದರ್ಲೆಂಡ್ಸ್ ವಿರುದ್ಧದ ಆ ಮೊದಲ ಪಂದ್ಯದ ಕೊನೆಯ ಕ್ವಾರ್ಟರ್ ಹುಡುಕಿ ನೋಡು. ನಮ್ಮ ರಕ್ಷಣಾ ಸಾಲು ಎಲ್ಲಿ ಸಡಿಲವಾಯಿತೆಂದು ನಿನಗೆ ಕಂಡದ್ದನ್ನು ನನಗೆ ಬರೆದು ತಿಳಿಸು.

ನಿನ್ನ ಪ್ರೀತಿಯ
ಅಮ್ಮ