ಒಣಗದ ಐಶ್ಯಾಡೋ ಸ್ಟಿಕ್ ಮತ್ತು ನನ್ನ ರೆಪ್ಪೆಯ ವಯಸ್ಸಿನ ಬಗ್ಗೆ ದೂರು

ಇವರಿಂದ,
ಬ್ಯೂಟಿ ಪಾರ್ಲರ್ ನಡೆಸುವ ನಿಮ್ಮ ಗ್ರಾಹಕಿ,
ಎಸ್.ಎಸ್. ಪುರಂ, ತುಮಕೂರು

ಇವರಿಗೆ,
ಗ್ರಾಹಕರ ಕುಂದುಕೊರತೆ ಅಧಿಕಾರಿಯವರು

ಮಾನ್ಯರೇ,

ವಿಷಯ: ಕ್ರೀಮ್ ಐಶ್ಯಾಡೋ ಸ್ಟಿಕ್ ರೆಪ್ಪೆಯ ಮೇಲೆ ಒಣಗದೆ ಗೆರೆಗಟ್ಟುತ್ತಿರುವುದು ಹಾಗೂ ನಿಮ್ಮ ಸಲಹೆಗಾರ್ತಿಯವರ ವರ್ತನೆ.

ನಿಮ್ಮ ಸಹಾಯವಾಣಿಗೆ ನಾಲ್ಕು ಸಲ ಕರೆ ಮಾಡಿ, ಮೂರು ಇಮೇಲ್ ಕಳುಹಿಸಿ, ಕಡೆಗೆ ನಿಮ್ಮ ಸೌಂದರ್ಯ ಸಲಹೆಗಾರ್ತಿಯವರ ವಿಡಿಯೋ ಕರೆಗೂ ಮುಖ ಒಡ್ಡಿದ ಮೇಲೆ ಈ ಪತ್ರ ಬರೆಯುತ್ತಿದ್ದೇನೆ. ಸಿಟ್ಟಿನಲ್ಲಿ ಬರೆಯಬಾರದೆಂದು ಎರಡು ದಿನ ಕಾದೆ. ಅದರಿಂದ ವಿಶೇಷ ಪ್ರಯೋಜನವೇನೂ ಆಗಲಿಲ್ಲ.

ನಿಮ್ಮದೇ ಜಾಲತಾಣದಿಂದ ಕಂಚಿನ ಬಣ್ಣದ ಮೂರು ಸ್ಟಿಕ್‌ಗಳನ್ನು ಒಂದಕ್ಕೆ 899 ರೂಪಾಯಿಯಂತೆ ತರಿಸಿದ್ದೆ. ಬಿ.ಎಚ್. ರಸ್ತೆಯ ಕಲ್ಯಾಣ ಮಂಟಪವೊಂದರಲ್ಲಿ ನಡೆದ ಮದುವೆಗೆ ಬೆಳಗಿನ ಐದು ಗಂಟೆಗೆ ಮದುಮಗಳನ್ನು ಸಿಂಗರಿಸಿದೆ. ಧಾರೆ ಎರೆಯುವ ಹೊತ್ತಿಗಾಗಲೇ ಎರಡೂ ರೆಪ್ಪೆಯ ಮಡಿಕೆಯಲ್ಲಿ ಬಣ್ಣವೆಲ್ಲ ಒಂದೇ ಗೆರೆಯಾಗಿ ಕೂಡಿಕೊಂಡು, ಉಳಿದ ಭಾಗ ಬೋಳಾಗಿತ್ತು. ಅದನ್ನು ಮೊದಲು ಕಂಡವನು ಫೋಟೋಗ್ರಾಫರ್. ಅವನು ಅದನ್ನು ಹೇಳಿದ್ದು ಹುಡುಗಿಯ ಅತ್ತೆಯಾಗುವವರ ಎದುರಿಗೆ. ನನ್ನ ಕೂಲಿಯಲ್ಲಿ 1,500 ರೂಪಾಯಿ ಬಿಟ್ಟುಕೊಟ್ಟು ಬಂದೆ.

ಹಚ್ಚುವ ಕ್ರಮ ತಪ್ಪಿರಬಹುದು ಎಂದು ನೀವು ಹೇಳುವಿರಿ. ಈಗಾಗಲೇ ನಾಲ್ಕು ಸಲ ಹೇಳಿದ್ದೀರಿ. ಹದಿನಾರು ವರ್ಷದಿಂದ ಈ ಕೆಲಸ ಮಾಡುತ್ತಿರುವವಳು ಏನು ಮಾಡಿದಳೆಂಬುದನ್ನು ಬರವಣಿಗೆಯಲ್ಲಿಯೇ ಕೊಡುತ್ತೇನೆ. ರೆಪ್ಪೆಯ ಜಿಡ್ಡನ್ನು ಟಿಶ್ಯೂ ಒತ್ತಿ ತೆಗೆದಿದ್ದೆ. ರಾತ್ರಿ ಹಚ್ಚುವ ಕಣ್ಣಿನ ಕ್ರೀಮನ್ನು ಆ ದಿನ ರೆಪ್ಪೆಗೆ ಸೋಕಿಸಬೇಡವೆಂದು ಹುಡುಗಿಗೆ ಮೊದಲೇ ತಾಕೀತು ಮಾಡಿದ್ದೆ. ಬಣ್ಣ ನಿಲ್ಲಲೆಂದು ಮೊದಲು ಹಚ್ಚುವ ಪ್ರೈಮರನ್ನು ಗುಲಗಂಜಿಯಷ್ಟೇ ತೆಗೆದುಕೊಂಡು ಅದು ಒಣಗುವವರೆಗೆ ಕಾದು, ಸ್ಟಿಕ್ಕನ್ನು ರೆಪ್ಪೆಗೂದಲಿನ ಬುಡದಲ್ಲಿ ಮಾತ್ರ ಎಳೆದು, ಉಂಗುರ ಬೆರಳಿನಿಂದ ಮೇಲಕ್ಕೆ ತಟ್ಟಿ ತಟ್ಟಿ ಹರಡಿದೆ. ಉಜ್ಜಲಿಲ್ಲ, ಏಕೆಂದರೆ ಬಿಗಿಯಲು ಶುರುವಾದ ಬಣ್ಣವನ್ನು ಉಜ್ಜಿದರೆ ಅದು ತೇಪೆ ತೇಪೆಯಾಗಿ ಎದ್ದು ಬರುತ್ತದೆ. ಒಂದು ಕಣ್ಣು ಪೂರ್ತಿ ಮುಗಿಸಿಯೇ ಇನ್ನೊಂದಕ್ಕೆ ಕೈಹಾಕಿದೆ. ದಪ್ಪ ಒಂದೇ ಪದರದ ಬದಲು ತೆಳುವಾಗಿ ಎರಡು ಪದರ ಕೊಟ್ಟೆ. ಬಣ್ಣ ಹಿಡಿಯುವವರೆಗೆ ಹುಡುಗಿ ಕಣ್ಣು ಮುಚ್ಚಿಯೇ ಕುಳಿತಿದ್ದಳು. ಮೇಲೆ ಸಣ್ಣ ಬ್ರಷ್ಷಿನಿಂದ ಪೌಡರ್ ಒತ್ತಿದೆ. ಇದರಲ್ಲಿ ಬಿಟ್ಟುಹೋದದ್ದೇನಾದರೂ ಇದ್ದರೆ ತಿಳಿಸಿ, ಕಲಿಯುತ್ತೇನೆ.

ಮದುವೆಯ ಮರುದಿನ ನನ್ನ ಮೇಲೆಯೇ ಪ್ರಯೋಗ ಮಾಡಿಕೊಂಡೆ. ಕಳೆದ ವರ್ಷ ನಿಮ್ಮಿಂದಲೇ ತರಿಸಿದ್ದ ಇದೇ ಬಣ್ಣದ ಸ್ಟಿಕ್ಕಿನ ತುಂಡೊಂದು ಉಳಿದಿತ್ತು. ಬಲಗಣ್ಣಿಗೆ ಹಳೆಯದು, ಎಡಗಣ್ಣಿಗೆ ಹೊಸದು. ಐದು ನಿಮಿಷ ಬಿಟ್ಟು ಟಿಶ್ಯೂ ಒತ್ತಿದರೆ ಹಳೆಯದು ಚೂರೂ ಅಂಟಲಿಲ್ಲ, ಹೊಸದರ ಅಚ್ಚು ರೆಪ್ಪೆಯ ಆಕಾರದಲ್ಲಿಯೇ ಮೂಡಿತು. ಆಗ ಎರಡು ರಟ್ಟಿನ ಡಬ್ಬಿಗಳನ್ನೂ ಪಕ್ಕಪಕ್ಕ ಇಟ್ಟು ಓದಿದೆ. ಶೇಕಡಾ 1ಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಅಚ್ಚು ಮಾಡಬೇಕೆಂಬ ನಿಯಮ ನಿಮಗೆ ಗೊತ್ತಿರುವುದೇ ಆಗಿದೆ. ಹಳೆಯ ಡಬ್ಬಿಯಲ್ಲಿ ಮೊದಲ ಹೆಸರು ಐಸೋಡೋಡೆಕೇನ್. ಅದು ಆವಿಯಾಗಿ ಹೋಗಿ, ಮೇಣ ಮತ್ತು ಬಣ್ಣ ಮಾತ್ರ ಚರ್ಮದ ಮೇಲೆ ಪೊರೆಯಾಗಿ ನಿಲ್ಲುವುದರಿಂದಲೇ ಇಂಥ ಸ್ಟಿಕ್ ಗೆರೆಗಟ್ಟದೆ ಉಳಿಯುತ್ತದೆ. ಹೊಸ ಡಬ್ಬಿಯಲ್ಲಿ ಅದು ನಾಲ್ಕನೆಯ ಸ್ಥಾನಕ್ಕೆ ಇಳಿದು, ಮೊದಲ ಸ್ಥಾನದಲ್ಲಿ ಆಕ್ಟೈಲ್‌ಡೋಡೆಕನಾಲ್ ಎಂಬ, ಆವಿಯಾಗದ ಎಣ್ಣೆಯಂಥ ಪದಾರ್ಥ ಬಂದು ಕುಳಿತಿದೆ. ಹೆಸರು ಹೆಚ್ಚುಕಡಿಮೆ ಪ್ರಾಸದಂತಿದೆ, ಗುಣ ಮಾತ್ರ ತದ್ವಿರುದ್ಧ. ಒಳಗಿನದನ್ನು ಬದಲಿಸಿದ ನೀವು ಹೊರಗಿನ ‘16 ಗಂಟೆ ಗೆರೆಗಟ್ಟದು, ನೀರಿಗೆ ಹೋಗದು’ ಎಂಬ ಸಾಲನ್ನು ಬದಲಿಸಲು ಮರೆತಿದ್ದೀರಿ.

ಇನ್ನು ವಿಡಿಯೋ ಕರೆಯ ವಿಷಯ. ಬೆಳಿಗ್ಗೆ 11 ಗಂಟೆ 20 ನಿಮಿಷಕ್ಕೆ, ನಾನು ಬೇಡವೆಂದ ಸಮಯಕ್ಕೇ, ಕರೆ ಬಂತು. ಪಾರ್ಲರಿನಲ್ಲಿ ತಲೆಗೆ ಮೆಹೆಂದಿ ಹಚ್ಚಿಸಿಕೊಂಡ ಗ್ರಾಹಕರೊಬ್ಬರು, ಕೆಲಸ ಕಲಿಯಲು ಬರುವ ಇಬ್ಬರು ಹುಡುಗಿಯರು, ಹುಬ್ಬು ತಿದ್ದಿಸಿಕೊಳ್ಳಲು ಕಾದಿದ್ದ ಕಾಲೇಜು ಉಪನ್ಯಾಸಕಿ ಇದ್ದರು. ಎರಡೂ ಕೈಗೆ ಕೆಲಸವಿದ್ದುದರಿಂದ ಫೋನನ್ನು ಕನ್ನಡಿಗೆ ಒರಗಿಸಿ ಸ್ಪೀಕರ್ ಹಾಕಬೇಕಾಯಿತು. ನಿಮ್ಮ ಸಲಹೆಗಾರ್ತಿಯವರು “ಹಚ್ಚಿ ತೋರಿಸಿ ಮೇಡಂ” ಎಂದರು, ತೋರಿಸಿದೆ. “ಕಣ್ಣು ಮುಚ್ಚಿ” ಎಂದರು, ಮುಚ್ಚಿದೆ. “ತೆಗೀರಿ, ಮೇಲೆ ನೋಡಿ, ಇನ್ನೂ ಮೇಲೆ” ಎಂದರು; ತಿರುಗುತ್ತಿದ್ದ ಫ್ಯಾನನ್ನು ನೋಡುತ್ತಾ ಕುಳಿತೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೇಡಂ, ನಿಮ್ಮ ವಯಸ್ಸೆಷ್ಟು?” ಎಂದು ಕೇಳಿದರು. ನಲವತ್ತೇಳು ಎಂದೆ. “ಅದಕ್ಕೇ ಮೇಡಂ. ಈ ವಯಸ್ಸಿಗೆ ರೆಪ್ಪೆ ಜೋತು ಬಿದ್ದಿರುತ್ತೆ. ಗೆರೆ ಬಂದಿರೋದು ಸ್ಟಿಕ್ಕಿಂದಲ್ಲ, ನಿಮ್ಮ ರೆಪ್ಪೆಯಿಂದ” ಎಂದರು. ಕಲಿಯುವ ಹುಡುಗಿಯರಲ್ಲಿ ಒಬ್ಬಳು ಬ್ರಷ್ ತೊಳೆಯುವ ನೆವದಲ್ಲಿ ಒಳಗೆ ಹೋದಳು. ಅಲ್ಲಿ ನಕ್ಕದ್ದು ಕೇಳಿಸಿತು. ಮದುಮಗಳಿಗೆ 24 ವರ್ಷ ಎಂದು ನೆನಪಿಸಿದೆ. “ಹಾಗಾದ್ರೆ ಅವರು ಅತ್ತಿರಬೇಕು ಮೇಡಂ, ಮದುವೇಲಿ ಅಳ್ತಾರಲ್ಲ” ಎಂಬ ಉತ್ತರ ಬಂತು. ಉಪನ್ಯಾಸಕಿಯವರು ಕುಳಿತಲ್ಲಿಂದಲೇ, “ನೀರಿಗೆ ಹೋಗಲ್ಲ ಅಂತ ಬರೆದಿದೆಯಲ್ಲಮ್ಮಾ, ಕಣ್ಣೀರು ನೀರಲ್ವೇನು?” ಎಂದು ಕೇಳಿದರು. ಕರೆ ಕಡಿದುಹೋಯಿತು. ನೆಟ್‌ವರ್ಕ್ ತೊಂದರೆ ಎಂದು ನಿಮ್ಮ ದಾಖಲೆಯಲ್ಲಿ ಬರೆದಿರುವಿರಿ. ನಮ್ಮಲ್ಲಿ ಆ ಹೊತ್ತಿಗೆ ಐದೂ ಕಡ್ಡಿ ಇದ್ದವು.

ಡಬ್ಬಿಯ ಮೇಲೆ ಎಲ್ಲಿಯೂ ‘ಇಪ್ಪತ್ತೈದು ದಾಟಿದವರು ಬಳಸಬಾರದು’ ಎಂದಾಗಲಿ, ‘ಹೆಣ್ಣೊಪ್ಪಿಸುವಾಗ ಅಳಬಾರದು’ ಎಂದಾಗಲಿ ಅಚ್ಚಾಗಿಲ್ಲ. ಮುಂದಿನ ಮುದ್ರಣದಲ್ಲಿ ಸೇರಿಸಬಹುದು, ಎಣ್ಣೆಗೆ ಸಿಕ್ಕಷ್ಟು ಜಾಗ ಅದಕ್ಕೂ ಸಿಕ್ಕೀತು.

ಹಣ ವಾಪಸು ಕೇಳಿದ್ದಕ್ಕೆ, ಸೀಲು ಒಡೆಯದ ಸ್ಟಿಕ್ಕನ್ನು ಮಾತ್ರ ಹಿಂಪಡೆಯುತ್ತೇವೆ ಎಂದು ಒಂದೇ ಸಾಲಿನ ಉತ್ತರ ಬಂತು. ಸೀಲು ಒಡೆಯದ ಸ್ಟಿಕ್ ಯಾರ ರೆಪ್ಪೆಯ ಮೇಲೂ ಗೆರೆಗಟ್ಟಿದ ಉದಾಹರಣೆ ನನ್ನ ಅನುಭವದಲ್ಲಿ ಇಲ್ಲ.

2020ರ ಇ-ಕಾಮರ್ಸ್ ನಿಯಮಗಳಂತೆ ದೂರು ತಲುಪಿದ್ದನ್ನು 48 ಗಂಟೆಯೊಳಗೆ ದೃಢಪಡಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕಾದವರು ನೀವು. ನನ್ನ ಮೊದಲ ಇಮೇಲ್‌ಗೆ ಇಂದಿಗೆ 41 ದಿನ. ಪಾರ್ಲರಿಗೆ ಕೊಂಡದ್ದು ವ್ಯಾಪಾರಕ್ಕಾಗಿ, ಆದ್ದರಿಂದ ನಾನು ಗ್ರಾಹಕಿಯೇ ಅಲ್ಲ ಎಂದು ನಿಮ್ಮ ವಕೀಲರು ವಾದಿಸುವ ಮೊದಲು, ಹೊಟ್ಟೆಪಾಡಿಗಾಗಿ ಸ್ವಂತ ದುಡಿಮೆ ಮಾಡುವವರು ಕೊಂಡದ್ದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವ್ಯಾಪಾರವೆಂದು ಎಣಿಸುವುದಿಲ್ಲ ಎಂಬುದನ್ನು ಅವರಿಗೆ ತಿಳಿಸಿ. ನಾನು ವಾಸವಿರುವ ಜಿಲ್ಲೆಯಲ್ಲೇ ದೂರು ಹೂಡಬಹುದು. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿಯಾಗಿದೆ.

ಮೊದಲು ನನಗೆ ಬೇಕಿದ್ದದ್ದು 2,697 ರೂಪಾಯಿ. ಈಗ ಅದರ ಜೊತೆಗೆ ಮದುವೆಯಲ್ಲಿ ಬಿಟ್ಟ 1,500, ಹಾಗೂ ವಯಸ್ಸಿನ ಮಾತಿಗೆ ಲಿಖಿತ ಕ್ಷಮೆ ಬೇಕು. ಹದಿನೈದು ದಿನದಲ್ಲಿ ಬಾರದಿದ್ದರೆ ತುಮಕೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ವಿಚಾರಣೆಯ ದಿನ ಬೆಳಿಗ್ಗೆ ಐದಕ್ಕೇ ಎದ್ದು, ಬಲರೆಪ್ಪೆಗೆ ನಿಮ್ಮ ಹಳೆಯ ಸ್ಟಿಕ್ಕನ್ನೂ ಎಡರೆಪ್ಪೆಗೆ ಹೊಸದನ್ನೂ ಹಚ್ಚಿಕೊಂಡು ಬರುತ್ತೇನೆ. ಎರಡೂ ಒಂದೇ ವಯಸ್ಸಿನ ರೆಪ್ಪೆಗಳು. ನಿಮ್ಮ ಸಲಹೆಗಾರ್ತಿಯವರನ್ನೂ ಕರೆತನ್ನಿ. ಈ ಸಲ ಅವರು ಹತ್ತಿರದಿಂದಲೇ ನೋಡಬಹುದು.

ಇತಿ,
ನಿಮ್ಮ ಗ್ರಾಹಕಿ
(ಎರಡೂ ಡಬ್ಬಿಗಳ ಫೋಟೋ ಮತ್ತು ಅಚ್ಚು ಮೂಡಿದ ಟಿಶ್ಯೂವಿನ ಫೋಟೋ ಲಗತ್ತಿಸಿದೆ. ಮೂಲ ಟಿಶ್ಯೂ ನನ್ನ ಬಳಿಯೇ ಇರುತ್ತದೆ.)