ಬೀದಿಯ ತರಗೆಲೆ ಸುಡಬೇಡಿ, ಮನೆಗೊಬ್ಬರಕ್ಕೆ ಬೇಕು

ಮಾನ್ಯರೇ,

ಮೈಸೂರಿನಲ್ಲಿ ಅಡುಗೆಮನೆ ಕಸದಿಂದ ಗೊಬ್ಬರ ಮಾಡಲು ಹೊರಟ ಹಲವರು ಕೆಲವೇ ವಾರಗಳಲ್ಲಿ ಕೈಬಿಡುವುದು ಗಬ್ಬುನಾತಕ್ಕೆ ಹೆದರಿ. ಅದಕ್ಕೆ ಅಂಗಡಿಯ ಪುಡಿ, ದ್ರಾವಣ ಬೇಕಿಲ್ಲ. ಬೇಕಿರುವುದು ತರಗೆಲೆ. ಸಿಪ್ಪೆ, ಉಳಿದ ಅನ್ನದಲ್ಲಿ ನೀರು ಮತ್ತು ಸಾರಜನಕ ಹೆಚ್ಚು, ಒಣ ಎಲೆಯಲ್ಲಿ ಇಂಗಾಲ ಹೆಚ್ಚು. ಸಾರಜನಕದ 25–30 ಪಟ್ಟು ಇಂಗಾಲವಿದ್ದರೆ ಕೊಳೆಯುವಿಕೆ ಸಲೀಸು. ಮನೆಮಟ್ಟಿಗೆ ಬೊಗಸೆ ಲೆಕ್ಕ ಸಾಕು: ಹಸಿಕಸ ಒಂದು ಬೊಗಸೆ, ಪುಡಿಮಾಡಿದ ತರಗೆಲೆ ಎರಡು. ಹೊಂಗೆ ಎಲೆ ಒಳ್ಳೆಯದು. ಮಾವು, ಹಲಸಿನ ಎಲೆ ದಪ್ಪ, ಇಡಿಯಾಗಿ ಹಾಕಿದರೆ ತಿಂಗಳುಗಟ್ಟಲೆ ಹಾಗೇ ಉಳಿಯುತ್ತದೆ.

ನಾಲ್ಕು ಜನರ ಮನೆಗೆ 50 ಲೀಟರಿನ ಮೂರು ಡ್ರಮ್ ಬೇಕು. ಒಂದು ತುಂಬಲು ಸುಮಾರು ಒಂದು ತಿಂಗಳು, ಮಾಗಲು ಇನ್ನೆರಡು. ಎರಡೇ ಇಟ್ಟುಕೊಂಡವರು ಜಾಗ ಸಾಲದೆ ಅರೆಬರೆ ಗೊಬ್ಬರವನ್ನೇ ಕುಂಡಕ್ಕೆ ಸುರಿಯುತ್ತಾರೆ, ಗಿಡ ಹಳದಿಯಾಗುತ್ತದೆ. ಡ್ರಮ್ಮಿನ ಸುತ್ತಲೂ ತಳಕ್ಕೂ ತೂತು ಕೊರೆದು ಇಟ್ಟಿಗೆ ಮೇಲಿಡಿ. ತಳದಲ್ಲಿ ಮೂರು ಅಂಗುಲ ತರಗೆಲೆ ಅಥವಾ ತೆಂಗಿನ ನಾರು ಹಾಸಿ. ಮೊದಲ ಸಲ ಸಗಣಿ ನೀರನ್ನೋ ಹುಳಿ ಮಜ್ಜಿಗೆಯನ್ನೋ ಚಿಮುಕಿಸಿದರೆ ಸಾಕು. ಸಾರು, ಹುಳಿ ಬಸಿದೇ ಹಾಕಬೇಕು. ಮಾಂಸ, ಎಣ್ಣೆ ಪದಾರ್ಥ ಬೇಡ, ಇಲಿ ಬರುತ್ತವೆ. ತೆಂಗಿನ ಚಿಪ್ಪು, ಮಾವಿನ ವಾಟೆ ಕರಗುವುದಿಲ್ಲ. ವಾರಕ್ಕೆರಡು ಸಲ ತಳದವರೆಗೆ ಕೆದಕಿ.

ಒಂದು ಹಿಡಿ ತೆಗೆದು ಹಿಂಡಿದಾಗ ಒಂದೆರಡು ಹನಿ ಬಂದರೆ ಹದ ಸರಿಯಿದೆ. ಧಾರೆಯಾಗಿ ಇಳಿದರೆ ಎಲೆ ಬೆರೆಸಿ. ಇರುವೆ ಕಂಡರೆ ಒಣಗಿದೆ ಎಂದರ್ಥ, ನೀರು ಚಿಮುಕಿಸಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಳಗೆ ಗಾಳಿಯಾಡುತ್ತಿಲ್ಲ. ಮೂಗಿಗೆ ಚುರ್ರೆನ್ನುವ ಅಮೋನಿಯಾ ವಾಸನೆಗೆ ಸಾರಜನಕ ಹೆಚ್ಚಾದದ್ದೇ ಕಾರಣ. ಎರಡಕ್ಕೂ ಎಲೆ ಹಾಕಿ ಕೆದಕುವುದೇ ಮದ್ದು. ಬೂದುಬಣ್ಣದ ದಪ್ಪ ಹುಳು ಕಂಡು ಹೌಹಾರಿ ಫಿನಾಯಿಲ್ ಸುರಿಯುವವರಿದ್ದಾರೆ. ಅವು ಕಪ್ಪು ಸೈನಿಕ ನೊಣದ ಮರಿಗಳು, ಕಚ್ಚುವುದಿಲ್ಲ, ಕಸವನ್ನು ಬೇಗ ಮುಗಿಸುತ್ತವೆ. ಫಿನಾಯಿಲ್ ಬಿದ್ದರೆ ಸೂಕ್ಷ್ಮಜೀವಿಗಳೂ ಸಾಯುತ್ತವೆ.

ಮಾಗಿದೆಯೇ ಎಂದು ತಿಳಿಯಲು ಒಂದು ಹಿಡಿಯನ್ನು ತೇವಮಾಡಿ ಪ್ಲಾಸ್ಟಿಕ್ ಕವರಿನಲ್ಲಿ ಮೂರು ದಿನ ಕಟ್ಟಿಡಿ. ಬಿಚ್ಚಿದಾಗ ಮಣ್ಣಿನ ವಾಸನೆ ಬಂದರೆ ಜರಡಿ ಹಿಡಿದು, ಮೂರು ಪಾಲು ಮಣ್ಣಿಗೆ ಒಂದು ಪಾಲು ಬೆರೆಸಬಹುದು.

ಇಷ್ಟು ಬೇಕಾದ ತರಗೆಲೆಯನ್ನೇ ಬೇಸಿಗೆ ಹೊಸ್ತಿಲಲ್ಲಿ ಬೀದಿಬೀದಿಯ ಮೂಲೆಯಲ್ಲಿ ಗುಡಿಸಿ ಬೆಂಕಿ ಹಚ್ಚುತ್ತಾರೆ. ತ್ಯಾಜ್ಯವನ್ನು ಬಯಲಲ್ಲಿ ಸುಡುವುದನ್ನು 2016ರ ಘನತ್ಯಾಜ್ಯ ನಿಯಮಗಳೇ ನಿಷೇಧಿಸಿದ್ದವು. ಪುಡಿಮಾಡಿ ತುಂಬಿಟ್ಟರೆ ಒಂದು ಮನೆಗೆ ವರ್ಷಕ್ಕೆ ಆರೇಳು ದೊಡ್ಡ ಮೂಟೆ ಸಾಕು. ಗುಡಿಸಿದ ಎಲೆಯನ್ನು ಕಲ್ಲು, ಪ್ಲಾಸ್ಟಿಕ್ ಆರಿಸಿ ಮೂಟೆ ಕಟ್ಟಿ, ಬಡಾವಣೆಯ ಉದ್ಯಾನದ ಗೇಟಿನ ಬಳಿ ಮಳೆ ತಾಕದಂತೆ ಇಡಿಸಲು ಪಾಲಿಕೆ ವ್ಯವಸ್ಥೆ ಮಾಡಲಿ. ಬೇಕಾದವರು ಒಯ್ಯುತ್ತಾರೆ.

– ಕೈತೋಟಾಸಕ್ತರು, ಕುವೆಂಪುನಗರ, ಮೈಸೂರು