ಕೆಳಮನೆ ಅತ್ತಿಗೆಗೆ, ಮತ್ತೆ ಉಳಿದವರಿಗೂ

ಅಮ್ಮ ಆಸ್ಪತ್ರೆಯಿಂದ ಮನೆಗೆ ಬಂದು ಇವತ್ತಿಗೆ 12 ದಿನ. ಶಿವಮೊಗ್ಗದಿಂದ ಬರುವಾಗ ಮಂಡಗದ್ದೆ ಹತ್ತಿರ ಕಾರಿನ ಕಿಟಕಿ ಇಳಿಸಿ, "ಸದ್ಯ, ತುಂಗೆ ಕಂಡಳಲ್ಲ" ಅಂದಳು. ಕಾಯಿಲೆಯ ಕಥೆ ನಿಮಗೆಲ್ಲ ಗೊತ್ತಿರುವುದೇ, ಬಿಡಿ.

ಗೊತ್ತಿಲ್ಲದ್ದು ಒಂದು ರಾತ್ರಿಯ ವಿಷಯ. ನಾನು ಕಾನೂನಿನ ಕರಡು ಬರೆಯುವ ಸರ್ಕಾರಿ ಕಚೇರಿಯಲ್ಲಿರುವವಳು. (ಊರಲ್ಲಿ ಇದನ್ನು ಟೈಪಿಂಗ್ ಕೆಲಸ ಅಂದುಕೊಂಡವರಿದ್ದಾರೆ, ಇರಲಿ.) ನಮ್ಮ ಶಾಖೆಯಲ್ಲಿ ಕುರ್ಚಿ 6, ಜನ 2. ನಿವೃತ್ತರಾದವರ ಜಾಗಕ್ಕೆ ಯಾರೂ ಬಂದಿಲ್ಲ. ಬಂದರೂ ಮರುದಿನವೇ ಕೈಗೆ ಕರಡು ಕೊಡುವ ಹಾಗಿಲ್ಲ. ಕಾನೂನು ಓದಿರಬೇಕು, ಎರಡೂ ಭಾಷೆ ಚೆನ್ನಾಗಿ ಬರಬೇಕು, ಎರಡು ಸಾಲಿನ ತಿದ್ದುಪಡಿಗೂ ಮೂಲ ಅಧಿನಿಯಮವನ್ನು ಪೂರ್ತಿ ಓದುವ ತಾಳ್ಮೆ ಬೇಕು. ಜೊತೆಗೆ ಒಂದೇ ಕೆಲಸ ಎರಡು ಸಲ. ವಿಧೇಯಕ ಕನ್ನಡದಲ್ಲಿದ್ದರೂ, ರಾಜ್ಯಪತ್ರದಲ್ಲಿ ಬರುವ ಇಂಗ್ಲಿಷ್ ಅನುವಾದವೇ ಅಧಿಕೃತ ಪಾಠ ಅನ್ನುತ್ತದೆ ಸಂವಿಧಾನದ 348ನೇ ಅನುಚ್ಛೇದ.

ತಾಳೆ ನೋಡುವುದಕ್ಕಂತೂ ಇಬ್ಬರು ಬೇಕೇ ಬೇಕು. ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಮತ್ತೊಂದು ಪ್ರತಿಯಲ್ಲಿ ಕಣ್ಣಿಟ್ಟಿರಬೇಕು. ಬೆಳಗಾವಿ ಅಧಿವೇಶನದಲ್ಲಿ ಪಾಸಾದ ವಿಧೇಯಕದ, ರಾಜ್ಯಪಾಲರ ಅಂಕಿತಕ್ಕೆ ಹೋಗುವ ಪ್ರತಿಯನ್ನು ಬೆಳಗ್ಗೆ 9ಕ್ಕೆ ಕಳಿಸಬೇಕಿತ್ತು. ನನ್ನ ಜೊತೆಗಾರರ ತಲೆ ಮೇಲೆ ಬೇರೆ ಎರಡು ವಿಧೇಯಕಗಳಿದ್ದವು. ನನಗೆ ರಜೆ ಸಿಕ್ಕಿದ್ದೇ ಈ ಕೆಲಸ ಹೊತ್ತುಕೊಂಡು ಹೋಗುವ ಕರಾರಿನ ಮೇಲೆ.

ಕೆಳಮನೆ ಅತ್ತಿಗೆ ಸುಲಿಯುತ್ತಿದ್ದ ಅಡಿಕೆಯನ್ನು ಜಗಲಿಯಲ್ಲೇ ಬಿಟ್ಟು ಆಸ್ಪತ್ರೆಗೆ ಬಂದಿದ್ದರು. ರಾತ್ರಿ ಹನ್ನೊಂದಾಗಿತ್ತು. "ಎಂತ ಒಬ್ಳೇ ಗುನುಗ್ತಿದ್ದೀಯೆ ಮಾರಾಯ್ತಿ? ಕೊಡು ಇಲ್ಲಿ, ನಾನು ಓದ್ತೀನಿ" ಅಂದರು. ಸದನದಲ್ಲಿ ಚರ್ಚೆಯಾಗಿ ಮುಗಿದದ್ದು, ಗುಟ್ಟೇನೂ ಇರಲಿಲ್ಲ. ಕೊಟ್ಟೆ. ಚೊಗರಿನಿಂದ ಕಪ್ಪಾದ ಬೆರಳನ್ನು ಸಾಲಿನ ಕೆಳಗೆ ಇಟ್ಟುಕೊಂಡು ಪಿಸುದನಿಯಲ್ಲಿ ಓದಿದರು. ಷರತ್ತು ಸೇರಿಸುವ "ಪರಂತು" ಬಂದಾಗಲೆಲ್ಲ, ಕಥೆಯಲ್ಲಿ ಏನೋ ಆಗಿಹೋಯಿತು ಅನ್ನುವ ಹಾಗೆ ದನಿ ಏರುತ್ತಿತ್ತು.

31ನೇ ಪುಟದಲ್ಲಿ ಅವರು "ನೋಟಿಸು ನೀಡತಕ್ಕದ್ದು" ಎಂದು ಓದಿದರು. ನಾನು ಅರೆನಿದ್ದೆಯಲ್ಲಿ "ಹ್ಞೂಂ, ಮುಂದೆ" ಅಂದೆ. ಅವರು ಮುಂದೆ ಹೋಗಲಿಲ್ಲ. ಬಗ್ಗಿ ಸ್ಕ್ರೀನ್ ನೋಡಿದರು. ಅಲ್ಲಿ "ನೀಡಬಹುದು" ಎಂದಿತ್ತು.

"ತಕ್ಕದ್ದು ಅಂದ್ರೆ ಕೊಡ್ಲೇಬೇಕು. ಬಹುದು ಅಂದ್ರೆ ಅವರಿಗೆ ಮನಸ್ಸು ಬಂದ್ರೆ. ಒಂದೇ ಆಗ್ತದಾ?"

ಭೂಸುಧಾರಣೆ ತಿದ್ದುಪಡಿ 1974ರಲ್ಲಿ ಜಾರಿಗೆ ಬಂದಾಗ ಉಳುವ ಭೂಮಿಯ ಹಕ್ಕು ಕೇಳಿ ಫಾರಂ 7 ಹಾಕಿದ ಗೇಣಿದಾರರಲ್ಲಿ ಅತ್ತಿಗೆಯ ಮಾವನೂ ಒಬ್ಬರು. ಕೇಸು ವರ್ಷಗಟ್ಟಲೆ ನಡೆಯಿತು. ಓದು ಬಾರದ ಮಾವನಿಗೆ ಭೂನ್ಯಾಯ ಮಂಡಳಿಯ ಕಾಗದ, ಕೋರ್ಟಿನ ಕಾಗದ ಎಲ್ಲವನ್ನೂ ಓದಿ ಹೇಳಿದ್ದು ಈ ಸೊಸೆ. ನಮ್ಮ ಖಾಲಿ ಕುರ್ಚಿಗೆ ಆ ರಾತ್ರಿ ಸರಿಯಾದವರೇ ಸಿಕ್ಕಿದ್ದರು.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಎರಡು ಗಂಟೆಗೆ ಅಮ್ಮ ನನ್ನ ಹೆಸರು ಹಿಡಿದು ಕರೆದಳು. ನಾನು "ಒಂದು ನಿಮಿಷ ಅಮ್ಮಾ, ಈ ಕಲಮು ಮುಗೀಲಿ" ಅಂದೆ. ಹಾಗೆ ಅಂದೆ ನಾನು. ಅತ್ತಿಗೆ ಏನೂ ಅನ್ನದೆ ಎದ್ದು ಹೋಗಿ ನೀರು ಕುಡಿಸಿ, ಬೆನ್ನು ಸವರಿ, ಬಂದು ಬಿಟ್ಟ ಸಾಲಿನಿಂದಲೇ ಓದಿದರು. ಆ "ಒಂದು ನಿಮಿಷ" ಈಗಲೂ ಎದೆಯಲ್ಲಿ ಚುಚ್ಚುತ್ತದೆ. ಅಮ್ಮನಿಗೆ ಅದು ನೆನಪಿಲ್ಲವಂತೆ. ಸುಮ್ನೆ ಹಾಗನ್ನುತ್ತಾಳೋ ಏನೋ.

ರಕ್ತ ಕೊಟ್ಟ ಹುಡುಗರು, ಊಟದ ಕ್ಯಾರಿಯರ್ ತಂದವರು, ನಮ್ಮ ಕೊಟ್ಟಿಗೆ ನೋಡಿಕೊಂಡವರು, ರಾತ್ರಿ ಪಾಳಿಯ ನರ್ಸ್, ಆಮೇಲೆ ನನ್ನ ಪಾಲಿನ ಕಡತವನ್ನೂ ಎಳೆದ ಜೊತೆಗಾರರು, ಎಲ್ಲರಿಗೂ ಕೈಮುಗಿದೆ.

ವಿಧೇಯಕ ಈಗ ರಾಜ್ಯಪತ್ರದಲ್ಲಿ ಬಂದಿದೆ. ಒಂದು ಪ್ರತಿ ಕೆಳಮನೆಗೆ ಒಯ್ದೆ. ಅತ್ತಿಗೆ ಅಡಿಕೆ ಸುಲಿಯುವ ಮೆಟ್ಟುಗತ್ತಿಯಿಂದ ಎದ್ದು, ಕೈ ಒರೆಸಿಕೊಂಡು, "ನಮ್ಮ ತಕ್ಕದ್ದು ಎಲ್ಲಿದೆ ತೋರ್ಸು" ಅಂದರು.

ಅಮ್ಮನನ್ನು ನೋಡಲು ಬರುವವರು ಸಂಜೆ ನಾಲ್ಕರ ಮೇಲೆ ಬನ್ನಿ. ಸಿಹಿ ತರಬೇಡಿ, ಕದ್ದು ತಿನ್ನುತ್ತಾಳೆ.